ಕಿಣಿಕಿಣಿ, ಚಿಟಚಿಟ, ದಡದಡ: ಕಾರಿನ ಎಂಜಿನ್ ಏನು ಹೇಳುತ್ತಿದೆ?

ಶಾಲೆಯಲ್ಲಿ ಕನ್ನಡ ವ್ಯಾಕರಣ ಓದುವ ಮಕ್ಕಳಿಗೆ ಅನುಕರಣಾವ್ಯಯ ಗೊತ್ತು. ಮಳೆ ಧೋ ಧೋ ಎಂದು ಸುರಿಯಿತು, ನೀರು ಜುಳುಜುಳು ಹರಿಯಿತು, ಬಾಗಿಲು ದಡದಡ ಬಡಿಯಿತು. ಕಿವಿಗೆ ಬಿದ್ದ ಸದ್ದನ್ನು ಹಾಗೆಯೇ ಮಾತಾಗಿಸುವ ಪದಗಳು ಇವು. ಪರೀಕ್ಷೆಯಲ್ಲಿ ಒಂದೋ ಎರಡೋ ಅಂಕ ತರುವ ಈ ಪದಗಳು ಕಾರಿನ ಗ್ಯಾರೇಜಿನಲ್ಲಿ ಸಾವಿರಾರು ರೂಪಾಯಿ ಉಳಿಸಬಲ್ಲವು. "ಎಂಜಿನ್ ಏನೋ ಸದ್ದು ಮಾಡ್ತಿದೆ, ನೋಡಿ" ಎಂದು ಕೀಲಿ ಕೊಟ್ಟು ಬಂದರೆ ಮೆಕ್ಯಾನಿಕ್ ಎಲ್ಲಿಂದ ಹುಡುಕಬೇಕು? "ಘಾಟಿ ಹತ್ತುವಾಗ ಮಾತ್ರ ಕಿಣಿಕಿಣಿ ಅನ್ನುತ್ತೆ, ಆಕ್ಸಿಲರೇಟರ್ ಬಿಟ್ಟರೆ ನಿಂತುಹೋಗುತ್ತೆ" ಎಂದು ಹೇಳಿದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು.

ತೊಂದರೆ ಏನೆಂದರೆ, ಗ್ಯಾರೇಜಿನ ಭಾಷೆಯಲ್ಲಿ ಎಲ್ಲ ಸದ್ದಿಗೂ ಒಂದೇ ಹೆಸರು: ನಾಕಿಂಗ್. ಯಾರೋ ಒಳಗಿನಿಂದ ತಟ್ಟುತ್ತಿದ್ದಾರೆ ಎಂಬ ಅರ್ಥ. ಆದರೆ ತಟ್ಟುವವರು ಒಬ್ಬರಲ್ಲ. ಒಬ್ಬ ಪೆಟ್ರೋಲ್ ಉರಿಯುವ ಕೋಣೆಯಿಂದ ತಟ್ಟುತ್ತಾನೆ, ಇನ್ನೊಬ್ಬ ಆಯಿಲ್ ಸಾಲದೆ ತಟ್ಟುತ್ತಾನೆ, ಮತ್ತೊಬ್ಬ ಸವೆದುಹೋದ ಬೇರಿಂಗ್. ಮೊದಲನೆಯದಕ್ಕೆ ಕೆಲವೊಮ್ಮೆ ಒಂದು ಪೈಸೆಯೂ ಖರ್ಚಿಲ್ಲ. ಕೊನೆಯದನ್ನು ಅಲಕ್ಷಿಸಿದರೆ ಎಂಜಿನ್ನೇ ಕೈಬಿಟ್ಟಂತೆ.

ಮೊದಲು, ತಟ್ಟುತ್ತಿರುವುದು ಎಂಜಿನ್ನೇ ಹೌದೇ ಎಂದು ನೋಡಬೇಕು. ಡಿಕ್ಕಿಯಲ್ಲಿ ಸಡಿಲವಾದ ಜಾಕ್, ಸೀಟಿನ ಕೆಳಗೆ ಉರುಳುವ ನೀರಿನ ಬಾಟಲಿ, ಜಾತ್ರೆಯಿಂದ ತಂದು ಮರೆತ ತಂಬಿಗೆ, ಇವೆಲ್ಲ ಎಂಜಿನ್ ಹೆಸರಿಗೆ ಕಳಂಕ ತಂದದ್ದುಂಟು. ಸಮತಟ್ಟಾದ ಕಡೆ ಕಾರು ನಿಲ್ಲಿಸಿ, ಗೇರ್ ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಹಾಕಿ, ದೊಡ್ಡವರೊಬ್ಬರು ಆಕ್ಸಿಲರೇಟರ್ ಮೆಲ್ಲಗೆ ಒತ್ತಲಿ. ನಿಂತಲ್ಲೇ ಸದ್ದು ಬಂದು, ಎಂಜಿನ್ ವೇಗದ ಜತೆ ಅದೂ ಏರಿದರೆ ಎಂಜಿನ್ ಕಡೆ ಬೆರಳು ತೋರಿಸಬಹುದು. ರಸ್ತೆಯ ಗುಂಡಿ ಇಳಿದಾಗ ಮಾತ್ರ ಬಂದರೆ ಅದು ಚಕ್ರ, ಶಾಕ್ ಅಬ್ಸಾರ್ಬರ್‌ಗಳ ಸಂಗತಿ. ಕ್ಲಚ್ ಒತ್ತಿದ ಕೂಡಲೇ ಸದ್ದು ಬದಲಾದರೆ ಕ್ಲಚ್ ಅಥವಾ ಗೇರ್‌ಬಾಕ್ಸ್. ತೆಳುವಾದ ತಗಡು ಅದುರಿದಂತೆ ಝರಝರ ಎಂದರೆ ಸೈಲೆನ್ಸರ್ ಪೈಪಿನ ಮೇಲೆ ಶಾಖ ತಡೆಯಲು ಹಾಕಿರುವ ತಗಡಿನ ಒಂದು ಬೋಲ್ಟ್ ಬಿದ್ದಿರಬಹುದು. ಎಂಜಿನ್ ಬಿಚ್ಚಿಸಿ ಕೊನೆಗೆ ಒಂದು ಬೋಲ್ಟ್ ಬಿಗಿದು ಸರಿಹೋದ ಕಾರುಗಳು ಊರಿಗೊಂದಾದರೂ ಇರುತ್ತವೆ.

ಮಕ್ಕಳಿಗೆ ಒಂದು ಮಾತು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಬಾನೆಟ್ ತೆರೆದು ಎಂಜಿನ್ ಓಡುತ್ತಿರುವಾಗ ಹತ್ತಿರ ಹೋಗಬೇಡಿ. ರೇಡಿಯೇಟರ್ ಹಿಂದಿನ ಫ್ಯಾನ್ ಯಾವ ಸುಳಿವೂ ಕೊಡದೆ ತಾನಾಗಿ ತಿರುಗಲು ಶುರುಮಾಡುತ್ತದೆ. ಜಡೆ, ದುಪಟ್ಟಾ, ಅಜ್ಜನ ಶಲ್ಯ ಯಾವುದನ್ನೂ ಅದು ಬಿಡುವುದಿಲ್ಲ. ನಿಮ್ಮ ಕೆಲಸ ದೂರದಿಂದ ಕೇಳುವುದು. ಅದೇ ಮುಖ್ಯವಾದ ಕೆಲಸ, ಯಾಕೆ ಎಂಬುದು ಮುಂದೆ ಬರುತ್ತದೆ.

ಈಗ ಸುಲಭದ ಸದ್ದಿನಿಂದ ಹೊರಡೋಣ. ಚಿಟಚಿಟ, ಚಿಟಚಿಟ. ಪಕ್ಕದ ಮನೆಯಲ್ಲಿ ಹೊಲಿಗೆ ಯಂತ್ರ ಓಡುತ್ತಿದ್ದ ಹಾಗೆ, ಎಂಜಿನ್ನಿನ ಮೇಲ್ಭಾಗದಿಂದ ಬರುವ ಹಗುರವಾದ ಸದ್ದು. ಎಂಜಿನ್ನಿಗೆ ಗಾಳಿ-ಪೆಟ್ರೋಲ್ ಬರಲು, ಹೊಗೆ ಹೋಗಲು ಪುಟ್ಟ ಬಾಗಿಲುಗಳಿವೆ. ಅವೇ ವಾಲ್ವ್‌ಗಳು. ಅವನ್ನು ತಳ್ಳುವ ಟ್ಯಾಪೆಟ್‌ಗೂ ವಾಲ್ವ್‌ಗೂ ನಡುವೆ ಹಲವು ಎಂಜಿನ್‌ಗಳಲ್ಲಿ ಬೇಕೆಂದೇ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತಾರೆ. ಕಾದರೆ ಲೋಹ ಹಿಗ್ಗುತ್ತದೆ ಎಂದು ವಿಜ್ಞಾನ ಪುಸ್ತಕದಲ್ಲಿ ಓದಿದ್ದೀರಲ್ಲ, ಆ ಹಿಗ್ಗಿಗೆ ಬಿಟ್ಟ ಜಾಗ ಅದು. ಸವೆದು ಸವೆದು ಆ ಸಂದು ದೊಡ್ಡದಾದರೆ ಲೋಹ ಲೋಹವನ್ನು ಕುಟ್ಟಿ ಚಿಟಚಿಟ ಎನ್ನುತ್ತದೆ. ಎಲೆಯಷ್ಟು ತೆಳುವಾದ ಉಕ್ಕಿನ ಪಟ್ಟಿಯನ್ನು ಆ ಸಂದಿನಲ್ಲಿ ತೂರಿಸಿ ಅಳೆದು ಸರಿಮಾಡುವುದಕ್ಕೆ ಟ್ಯಾಪೆಟ್ ಸೆಟ್ಟಿಂಗ್ ಎನ್ನುತ್ತಾರೆ. ಸದ್ದೇ ಬರಬಾರದು ಎಂದು ಹಠ ಹಿಡಿದು ತೀರಾ ಬಿಗಿ ಮಾಡಿಸಬಾರದು. ಚಿಟಗುಟ್ಟುವ ಟ್ಯಾಪೆಟ್‌ಗಿಂತ ಸದ್ದಿಲ್ಲದ ಬಿಗಿ ಟ್ಯಾಪೆಟ್ ಕೆಟ್ಟದ್ದು. ಬಾಗಿಲು ಪೂರ್ತಿ ಮುಚ್ಚಿಕೊಳ್ಳದೆ ವಾಲ್ವ್ ಸುಟ್ಟುಹೋಗುತ್ತದೆ.

ಬೆಳಗಿನ ಮೊದಲ ಸ್ಟಾರ್ಟ್‌ಗೆ ಎರಡು ಮೂರು ಸೆಕೆಂಡು ಚಿಟಚಿಟ ಎಂದು ಸುಮ್ಮನಾದರೆ ಚಿಂತೆಯಿಲ್ಲ. ರಾತ್ರಿಯೆಲ್ಲ ಆಯಿಲ್ ಕೆಳಗಿನ ಸಂಪ್‌ಗೆ ಇಳಿದಿರುತ್ತದೆ, ಮೇಲೇರಲು ಗಳಿಗೆ ಹೊತ್ತು ಬೇಕು. ನಿಲ್ಲದಿದ್ದರೆ ಗ್ಯಾರೇಜಿಗೆ ಫೋನ್ ಮಾಡುವ ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿ. ಇದು ಅಜ್ಜ-ಮೊಮ್ಮಕ್ಕಳು ಕೂಡಿ ಮಾಡುವ ಕೆಲಸ. ಕಾರು ಸಮತಟ್ಟಾದ ಜಾಗದಲ್ಲಿರಬೇಕು, ಎಂಜಿನ್ ನಿಲ್ಲಿಸಿ ಐದು ಹತ್ತು ನಿಮಿಷ ಆಗಿರಬೇಕು. ಕಡ್ಡಿಯನ್ನು ಎಳೆದು, ಹಳೆಯ ಪಂಚೆ ಚೂರಿನಿಂದ ಒರೆಸಿ, ಪೂರ್ತಿ ಇಳಿಸಿ ಮತ್ತೆ ಎಳೆಯಿರಿ. ಎರಡು ಗುರುತುಗಳ ನಡುವೆ ಆಯಿಲ್ ಇದ್ದರೆ ಸರಿ. ಕೆಳಗಿನ ಗುರುತಿಗೂ ತಾಗದಿದ್ದರೆ ಸದ್ದಿನ ಗುಟ್ಟು ಬಹುಮಟ್ಟಿಗೆ ಸಿಕ್ಕಂತೆ. ಹಾಗೆಂದು ಮೇಲಿನ ಗುರುತು ಮೀರಿ ಸುರಿಯಬೇಡಿ, ಅದೂ ಕೆಡುಕೇ. ಆಯಿಲ್ ಕಪ್ಪಗಿರುವುದು ಸಹಜ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ನೀರು ಒಳಸೇರಿದೆ ಎಂದರ್ಥ, ಕಾರನ್ನು ಓಡಿಸದೆ ಮೆಕ್ಯಾನಿಕ್ಕನ್ನು ಮನೆಗೇ ಕರೆಸಬೇಕು.

ಎರಡನೆಯ ಸದ್ದು ಕಿಣಿಕಿಣಿ. ಕಾರು ತುಂಬ ಜನ, ಮೇಲೆ ಲಗೇಜು, ಆಗುಂಬೆಯದೋ ಚಾರ್ಮಾಡಿಯದೋ ತಿರುವು. ಆಕ್ಸಿಲರೇಟರ್ ಒತ್ತುತ್ತಲೇ ಡಬ್ಬಿಯಲ್ಲಿ ಗೋಲಿ ಅಲುಗಿಸಿದಂಥ ಸದ್ದು. ಕಾಲು ತೆಗೆದರೆ ಇಲ್ಲ. ನಿಜವಾದ ನಾಕಿಂಗ್ ಇದೇ. ವಿಚಿತ್ರವೆಂದರೆ ಇಲ್ಲಿ ಲೋಹಕ್ಕೆ ಲೋಹ ತಾಗುತ್ತಿಲ್ಲ.

ಸೈಕಲ್ ಪಂಪು ಹೊಡೆದವರಿಗೆ ಗೊತ್ತು, ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಸಿಲಿಂಡರಿನಲ್ಲಿ ಪಿಸ್ಟನ್ ಮೇಲೇರಿ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಸುಮಾರು ಹತ್ತನೇ ಒಂದರಷ್ಟು ಜಾಗಕ್ಕೆ ಹಿಸುಕುತ್ತದೆ. ಆಗ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಬೇಕು. ಕಿಡಿ ಬಿದ್ದ ಕಡೆಯಿಂದ ಬೆಂಕಿ ಅಂಚಿನವರೆಗೆ ಸಾಲಾಗಿ ಹಬ್ಬಬೇಕು, ಒಣಹುಲ್ಲಿನ ಒಂದು ತುದಿಗೆ ಕಡ್ಡಿ ಗೀರಿದ ಹಾಗೆ. ಮೂರು ಸಾವಿರ ಸುತ್ತಿನ ವೇಗದಲ್ಲಿ ಒಂದೊಂದು ಸಿಲಿಂಡರಿನಲ್ಲೂ ಸೆಕೆಂಡಿಗೆ 25 ಸಲ ಈ ಕೆಲಸ ನಡೆಯುತ್ತದೆ. ಆದರೆ ಬೆಂಕಿ ತಲುಪುವ ಮುಂಚೆಯೇ ಮೂಲೆಯಲ್ಲಿದ್ದ ಮಿಶ್ರಣ ಶಾಖ ಮತ್ತು ಒತ್ತಡ ತಾಳಲಾರದೆ ತಾನೇ ಒಮ್ಮೆಲೇ ಹೊತ್ತಿಕೊಂಡರೆ? ಪಟಾಕಿ ಸರದ ನಡುವಿನ ಪಟಾಕಿ ಮೊದಲೇ ಸಿಡಿದ ಹಾಗೆ. ಆ ಹೊಡೆತಕ್ಕೆ ಸಿಲಿಂಡರ್ ಗಂಟೆಯಂತೆ ಮಿಡಿಯುತ್ತದೆ, ಸೆಕೆಂಡಿಗೆ ಆರೇಳು ಸಾವಿರ ಸಲ. ನಾವು ಕೇಳುವ ಕಿಣಿಕಿಣಿ ಆ ಗಂಟೆಯದು.

ಇಲ್ಲಿಯೇ ಮಕ್ಕಳ ಕಿವಿ ಬೇಕಾಗುವುದು. ವಯಸ್ಸಾದಂತೆ ಮೊದಲು ಕೈಕೊಡುವುದು ಇಂಥ ಎತ್ತರದ ಸ್ವರಗಳನ್ನು ಕೇಳುವ ಶಕ್ತಿ. ನಲವತ್ತು ವರ್ಷ ಕಾರು ಓಡಿಸಿದ ಅಜ್ಜನಿಗೆ ಕಿಣಿಕಿಣಿ ಎಂದರೆ ಏನೆಂದು ಚೆನ್ನಾಗಿ ಗೊತ್ತು, ಆದರೆ ಅದು ಕೇಳಿಸದಿರಬಹುದು. ಹಿಂದಿನ ಸೀಟಿನಲ್ಲಿ ಕುಳಿತ ಮೊಮ್ಮಗಳಿಗೆ ಕೇಳಿಸುತ್ತದೆ, ಏನೆಂದು ಗೊತ್ತಿಲ್ಲ. ಮುಂದೆ ಕುಳಿತ ಅಪ್ಪ ಕಿಟಕಿ ಏರಿಸಿ ಹಾಡು ಹಾಕಿಕೊಂಡಿದ್ದಾನೆ! ಹಾಡು ನಿಲ್ಲಿಸಿ, ಕಿಟಕಿ ಇಳಿಸಿ, ಮೊಮ್ಮಗಳು ಕೇಳಿದ್ದನ್ನು ಅಜ್ಜನಿಗೆ ಹೇಳಲಿ. ಫೋನಿನಲ್ಲಿ ಧ್ವನಿ ಮುದ್ರಿಸಿಕೊಂಡರೆ ಇನ್ನೂ ಒಳ್ಳೆಯದು. ಗ್ಯಾರೇಜಿಗೆ ಹೋದ ದಿನ ಸದ್ದು ಮಂಗಮಾಯವಾಗುವುದು ಎಲ್ಲ ಕಾರುಗಳಿಗೂ ಹುಟ್ಟುಗುಣ.

ಮೊದಲ ಮದ್ದು ಪುಕ್ಕಟೆ. ನಾಲ್ಕನೇ ಗೇರಿನಲ್ಲಿ ದಮ್ಮು ಕಟ್ಟಿಕೊಂಡು ಹತ್ತುತ್ತಿದ್ದರೆ ಮೂರಕ್ಕೋ ಎರಡಕ್ಕೋ ಇಳಿಸಿ. ಎಷ್ಟೋ ಕಾರುಗಳ ಕಿಣಿಕಿಣಿ ಅಲ್ಲಿಗೇ ಮುಗಿಯುತ್ತದೆ. ಇಲ್ಲವಾದರೆ ಬಿಸಿ ತೋರಿಸುವ ಮುಳ್ಳು ಮೇಲೇರಿದೆಯೇ, ಹೊಸ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದ ಮೇಲೆ ಶುರುವಾಯಿತೇ ಎಂದು ನೆನಪು ಮಾಡಿಕೊಳ್ಳಿ. ಆಮೇಲೆ ಸ್ಪಾರ್ಕ್ ಪ್ಲಗ್ ಸರಿಯಾದ ಜಾತಿಯದೇ ಎಂದು ನೋಡಿಸಬೇಕು. ಹಳೆಯ ಎಂಜಿನ್ನಿನ ಒಳಗೆ ಒಲೆಯ ಮಸಿಯಂತೆ ಕಾರ್ಬನ್ ಕಟ್ಟಿರುತ್ತದೆ, ಅದು ಕೆಂಡವಾಗಿ ತಾನೇ ಬೆಂಕಿ ಹಚ್ಚುತ್ತದೆ. ಅಂಬಾಸಿಡರ್ ಇಟ್ಟುಕೊಂಡಿದ್ದವರಿಗೆ ನೆನಪಿರಬಹುದು, ಕೀ ತೆಗೆದರೂ ಎಂಜಿನ್ ಗೊಕ್ ಗೊಕ್ ಎಂದು ಕುಲುಕುತ್ತಲೇ ಇರುತ್ತಿತ್ತು. ಆ ಕೆಂಡದ ಕೆಲಸ ಅದು. ಹೆಡ್ ಬಿಚ್ಚಿ ಕಾರ್ಬನ್ ಕೆರೆಸಿದರೆ ಸರಿಹೋಗುತ್ತಿತ್ತು.

ಕಿಡಿ ಹಾರುವ ಗಳಿಗೆಯೂ ತಪ್ಪಬಾರದು. ಉಯ್ಯಾಲೆ ನಮ್ಮ ಕಡೆ ಬಂದು ಹಿಂದಿರುಗುವ ಹೊತ್ತಿಗೆ ಸರಿಯಾಗಿ ತಳ್ಳಬೇಕು. ಇನ್ನೂ ಬರುತ್ತಿರುವಾಗಲೇ ತಳ್ಳಿದರೆ ಕೈಗೆ ಪೆಟ್ಟು, ಉಯ್ಯಾಲೆಗೆ ಕುಲುಕು. ಪಿಸ್ಟನ್ನಿಗೂ ಅಷ್ಟೆ. ಹಿಂದೆ ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಮೆಕ್ಯಾನಿಕ್ ಡಿಸ್ಟ್ರಿಬ್ಯೂಟರ್ ಸಡಿಲಿಸಿ, ಎಳ್ಳಷ್ಟು ತಿರುಗಿಸಿ, ಏರು ರಸ್ತೆಯಲ್ಲಿ ಓಡಿಸಿ ನೋಡಿ, ಮತ್ತೆ ಎಳ್ಳಷ್ಟು ತಿರುಗಿಸುತ್ತಿದ್ದ. ಎಲ್ಲ ಕಿವಿಯ ಲೆಕ್ಕ. ಈಗಿನ ಕಾರುಗಳಲ್ಲಿ ಆ ಕಿವಿಯನ್ನು ಎಂಜಿನ್ನಿಗೇ ಅಂಟಿಸಿದ್ದಾರೆ. ನಾಕ್ ಸೆನ್ಸರ್ ಎಂದು ಅದರ ಹೆಸರು. ಅಡುಗೆಮನೆಯ ಗ್ಯಾಸ್ ಲೈಟರಿನಲ್ಲಿ ಒತ್ತಿದರೆ ವಿದ್ಯುತ್ ಕಿಡಿ ಕೊಡುವ ಹರಳಿದೆಯಲ್ಲ, ಅದೇ ಬಗೆಯ ಹರಳು ಇದರೊಳಗೂ ಇದೆ. ಸಿಲಿಂಡರ್ ಕಿಣಿಗುಟ್ಟಿದ ಕೂಡಲೇ ಹರಳು ಅದುರಿ ಸಣ್ಣ ವಿದ್ಯುತ್ ಸುದ್ದಿ ಕಳಿಸುತ್ತದೆ, ಕಾರಿನ ಕಂಪ್ಯೂಟರ್ ಕಿಡಿಯನ್ನು ತುಸು ತಡಮಾಡುತ್ತದೆ. ಆದ್ದರಿಂದ ಹೊಸ ಕಾರಿನಲ್ಲೂ ಕಿಣಿಕಿಣಿ ಕೇಳಿಸಿದರೆ ಸೆನ್ಸರ್ ಅಥವಾ ಅದರ ವೈರು ಕೆಟ್ಟಿರಬಹುದು. ಇದನ್ನು ಸ್ಕ್ಯಾನರ್ ಹಾಕಿ ನೋಡಬಹುದು, ಎಂಜಿನ್ ಬಿಚ್ಚಬೇಕಿಲ್ಲ.

ಡೀಸೆಲ್ ಗಾಡಿಯವರು ಗಾಬರಿಯಾಗಬೇಡಿ. ಅದರಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಇಂಧನ ತಾನಾಗಿ ಹೊತ್ತಿಕೊಳ್ಳುವುದೇ ಅದರ ಕ್ರಮ. ಖಟಖಟ ಅದರ ಮಾತೃಭಾಷೆ. ನಿನ್ನೆಯ ಖಟಖಟಕ್ಕೂ ಇಂದಿನದಕ್ಕೂ ವ್ಯತ್ಯಾಸ ಬಂದಾಗ ಮಾತ್ರ ಕಿವಿಗೊಟ್ಟರೆ ಸಾಕು.

ಈ ಕಿಣಿಕಿಣಿಗೆ ಒಂದು ದೊಡ್ಡ ಕಥೆಯೇ ಇದೆ. ಅಮೆರಿಕದ ಡೇಟನ್ ನಗರದಲ್ಲಿ ಜನರಲ್ ಮೋಟರ್ಸ್ ಕಂಪನಿಯ ಪ್ರಯೋಗಶಾಲೆಯಿತ್ತು. ಚಾರ್ಲ್ಸ್ ಕೆಟರಿಂಗ್ ಅದರ ಹಿರಿಯ, ಥಾಮಸ್ ಮಿಜ್ಲಿ ಅವನ ಕೈಕೆಳಗಿನ ಎಂಜಿನಿಯರ್. ಕಿಣಿಕಿಣಿ ನಿಲ್ಲಿಸುವ ವಸ್ತುವಿಗಾಗಿ ಮಿಜ್ಲಿ ವರ್ಷಗಟ್ಟಲೆ ಹುಡುಕಿದ. ಕರ್ಪೂರ, ಕರಗಿಸಿದ ಬೆಣ್ಣೆಯನ್ನೂ ಬಿಡಲಿಲ್ಲ. ಕೊನೆಗೆ 1921ರ ಡಿಸೆಂಬರ್ 9ರಂದು ಸೀಸದ ಒಂದು ಸಂಯುಕ್ತವನ್ನು, ಟೆಟ್ರಾಈಥೈಲ್ ಲೆಡ್ ಎಂಬುದನ್ನು, ಚೂರೇ ಚೂರು ಬೆರೆಸಿದರು. ಎಂಜಿನ್ ಸುಮ್ಮನಾಯಿತು. 1923ರಲ್ಲಿ ಸೀಸದ ಪೆಟ್ರೋಲ್ ಮಾರಾಟಕ್ಕೆ ಬಂತು, ಬೇಗನೆ ಜಗತ್ತಿನ ತುಂಬ ಹಬ್ಬಿತು. ಆಲ್ಕೋಹಾಲ್ ಬೆರೆಸಿದರೂ ನಾಕಿಂಗ್ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಸೀಸ ವಿಷ ಎಂಬುದೂ ಹೊಸ ಸುದ್ದಿಯಲ್ಲ. 1924ರಲ್ಲಿ ನ್ಯೂಜೆರ್ಸಿಯ ಒಂದು ತೈಲ ಶುದ್ಧೀಕರಣ ಕೇಂದ್ರದಲ್ಲಿ ಈ ದ್ರವ ತಯಾರಿಸುತ್ತಿದ್ದ ಐವರು ಕೆಲಸಗಾರರು ಸತ್ತರು. ಆದರೂ ಮಾರಾಟ ನಿಂತದ್ದು ಸ್ವಲ್ಪ ಕಾಲ ಮಾತ್ರ.

ಎಂಜಿನ್ನಿನ ಒಳಗೆ ನಿಂತ ಸದ್ದಿಗೆ ಹೊರಗೆ ಬೆಲೆ ತೆತ್ತವರು ಮಕ್ಕಳು. ಹೊಗೆಯ ಜತೆ ಹೊರಬಂದ ಸೀಸ ಗಾಳಿಯಲ್ಲಿ, ಬೀದಿಯ ಧೂಳಿನಲ್ಲಿ ಸೇರಿತು. ಮಗುವಿನ ಮೈ ಅದನ್ನು ದೊಡ್ಡವರಿಗಿಂತ ಹೆಚ್ಚು ಹೀರಿಕೊಳ್ಳುತ್ತದೆ. ಅದು ಬೆಳೆಯುವ ಮಿದುಳಿಗೆ ಹಾನಿ ಮಾಡುತ್ತದೆ, ಕಲಿಯುವ ಶಕ್ತಿಯನ್ನು ಕುಗ್ಗಿಸುತ್ತದೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ಸಂಸ್ಥೆ ನಮ್ಮ ದೇಶದ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ತುಪ್ಪಿಲ್ ವೆಂಕಟೇಶ್ ಆ ಕೆಲಸದಲ್ಲಿ ಮುಂದಿದ್ದರು. ಅರ್ಧಕ್ಕೂ ಹೆಚ್ಚು ಮಕ್ಕಳ ರಕ್ತದಲ್ಲಿ ಸೀಸ ಆಗಿನ ಅಪಾಯದ ಗೆರೆ ದಾಟಿತ್ತು. 2000ದ ಫೆಬ್ರವರಿ 1ರಿಂದ ಭಾರತದ ಉದ್ದಗಲಕ್ಕೂ ಸೀಸವಿಲ್ಲದ ಪೆಟ್ರೋಲ್ ಬಂತು. ಕಾರುಗಳಿಗೆ ಸೀಸದ ಪೆಟ್ರೋಲ್ ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ, ಅದು ನಿಲ್ಲಿಸಿದ್ದು 2021ರಲ್ಲಿ. ಒಂದು ಕಿಣಿಕಿಣಿಗೆ ಹಾಕಿದ ತಪ್ಪು ಮದ್ದನ್ನು ತೆಗೆಯಲು ಸುಮಾರು ನೂರು ವರ್ಷ ಹಿಡಿಯಿತು.

ಈಗ ಬಂಕಿನಲ್ಲಿ ಕಾಣುವ 91, 95 ಎಂಬ ಆಕ್ಟೇನ್ ಸಂಖ್ಯೆ ಪೆಟ್ರೋಲಿನ ತಾಳ್ಮೆಯ ಅಂಕಪಟ್ಟಿ. ಸುಲಭಕ್ಕೆ ನಾಕಿಂಗ್ ಮಾಡದ ಐಸೊಆಕ್ಟೇನ್‌ಗೆ 100, ತಟ್ಟನೆ ಮಾಡುವ ಹೆಪ್ಟೇನ್‌ಗೆ ಸೊನ್ನೆ ಎಂದಿಟ್ಟು ಅಳೆಯುತ್ತಾರೆ. ಕಾರಿನ ಪುಸ್ತಕ 91 ಸಾಕು ಎಂದಿದ್ದರೆ ದುಬಾರಿ ಪೆಟ್ರೋಲ್ ಹಾಕಿಸುವುದು ದುಡ್ಡು ದಂಡ ಎಂದೇ ನನ್ನ ಅಭಿಪ್ರಾಯ. ಅಂದಹಾಗೆ, ಅಂದು ಪಕ್ಕಕ್ಕಿಟ್ಟಿದ್ದ ಆಲ್ಕೋಹಾಲ್ ಎಥೆನಾಲ್ ಎಂಬ ಹೆಸರಿನಲ್ಲಿ ಮರಳಿ ಬಂದಿದೆ. ಶೇಕಡ 20 ಎಥೆನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಕಬ್ಬಿನಿಂದಲೂ ತಯಾರಾಗುವ ಎಥೆನಾಲ್‌ನ ಆಕ್ಟೇನ್ ಸಂಖ್ಯೆ 100ಕ್ಕೂ ಮೇಲೆ. ಮೈಲೇಜ್ ಮಾತ್ರ ತುಸು ಕಡಿಮೆ. ಹಳೆಯ ಕಾರುಗಳ ರಬ್ಬರ್ ಪೈಪುಗಳಿಗೆ ಅದು ಒಗ್ಗುತ್ತದೆಯೇ ಎಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಇನ್ನು ಉಳಿದದ್ದು ದಡದಡ. ಇದನ್ನು ಕೇಳಲು ಮಕ್ಕಳ ಕಿವಿಯೇ ಆಗಬೇಕೆಂದಿಲ್ಲ, ಕಾಲಿನ ಕೆಳಗೆ ಅದುರು ತಿಳಿಯುತ್ತದೆ. ಎಂಜಿನ್ನಿನ ತಳದಿಂದ ಬರುವ, ಒನಕೆ ಹಾಕಿದಂಥ ಭಾರವಾದ ಸದ್ದು. ಸೈಕಲ್ ತುಳಿಯುವ ಕಾಲಿನಂತೆ ಪಿಸ್ಟನ್ನಿನ ನೆಗೆತವನ್ನು ಸುತ್ತಾಟವಾಗಿ ಬದಲಿಸುವುದು ಕನೆಕ್ಟಿಂಗ್ ರಾಡ್. ಅದು ಕ್ರ್ಯಾಂಕ್ ಶಾಫ್ಟ್ ಹಿಡಿಯುವ ಕಡೆ ಬೇರಿಂಗ್ ಇದೆ. ನಡುವೆ ತಲೆಗೂದಲಿಗಿಂತ ತೆಳುವಾದ ಸಂದು, ಅದರಲ್ಲಿ ಒತ್ತಡದಿಂದ ಹರಿಯುವ ಆಯಿಲ್. ಆಯಿಲ್ ತಪ್ಪಿದರೆ ಬೇರಿಂಗ್ ಸವೆದು, ಕಾವು ಸಡಿಲವಾದ ಗುದ್ದಲಿಯಂತೆ ಪ್ರತಿ ಸುತ್ತಿಗೂ ಕುಟ್ಟತೊಡಗುತ್ತದೆ. ಸಂಗೀತ ಕಲಿಯುವ ಮಕ್ಕಳಿಗೆ ಒಂದು ಸುಳಿವು: ವಾಲ್ವ್ ಎರಡು ಸುತ್ತಿಗೊಮ್ಮೆ ತೆರೆಯುವುದರಿಂದ ಚಿಟಚಿಟ ಮೊದಲ ಕಾಲದಲ್ಲಿದ್ದರೆ, ರಾಡಿನ ದಡದಡ ಎರಡನೇ ಕಾಲದಲ್ಲಿರುತ್ತದೆ.

ಪಳಗಿದ ಮೆಕ್ಯಾನಿಕ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗಿಟ್ಟು ವೈದ್ಯರಂತೆ ಕೇಳುತ್ತಾನೆ. ಹಳೆಯ ಎಂಜಿನ್ನಾದರೆ ಒಂದೊಂದೇ ಪ್ಲಗ್ಗಿನ ವೈರು ಬಿಡಿಸುತ್ತಾನೆ. ಯಾವ ಸಿಲಿಂಡರಿನ ಕಿಡಿ ನಿಂತಾಗ ದಡದಡ ತಗ್ಗಿತೋ ಕಳ್ಳ ಅಲ್ಲಿದ್ದಾನೆ. ತಣ್ಣಗಿದ್ದಾಗ ಮಾತ್ರ ಡಬಡಬ ಎಂದು, ಬಿಸಿಯಾದ ಮೇಲೆ ಅಡಗಿದರೆ ಅದು ಸವೆದ ಪಿಸ್ಟನ್ ಗೋಡೆಗೆ ತಾಗುವ ಸದ್ದು, ಅದಕ್ಕೆ ಅವಸರವಿಲ್ಲ. ಬಿಸಿಯಾದಷ್ಟೂ ಜೋರಾಗುವ ದಡದಡಕ್ಕೆ ಮಾತ್ರ ಕಾಯುವ ವ್ಯವಧಾನವಿಲ್ಲ.

ಅದರ ಜತೆ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಗಿಂಡಿಯ ಆಕಾರದ ಕೆಂಪು ದೀಪ ಹೊತ್ತಿಕೊಂಡರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಲೇಬೇಕು. ಮುಂದಿನ ಊರಿನವರೆಗೆ, ಮದುವೆ ಮನೆಯವರೆಗೆ ಎಂದು ಓಡಿಸಿದರೆ ರಾಡ್ ಮುರಿದು ಎಂಜಿನ್ನಿನ ಗೋಡೆ ಒಡೆದು ಹೊರಬಂದೀತು. ಆಮೇಲೆ ರಿಪೇರಿಯ ಮಾತಿಲ್ಲ, ಬೇರೆ ಎಂಜಿನ್ನೇ. ಆ ದೀಪವನ್ನು ಮೊದಲು ಕಂಡವರು ಮಕ್ಕಳಾದರೂ ಕೂಗಿ ಹೇಳಬೇಕು, ದೊಡ್ಡವರು ಸಿಡುಕಬಾರದು. ನಿಲ್ಲಿಸಿ, ಎಳೆದುಕೊಂಡು ಹೋಗುವ ಗಾಡಿ ಕರೆಸಿದರೆ ಸಂಪ್ ಬಿಚ್ಚಿ, ಕ್ರ್ಯಾಂಕ್ ಶಾಫ್ಟನ್ನು ಲೇತ್ ಅಂಗಡಿಯಲ್ಲಿ ಉಜ್ಜಿಸಿ, ಹೊಸ ಬೇರಿಂಗ್ ಕೂರಿಸಿ ಉಳಿಸಿಕೊಳ್ಳಬಹುದು.

ಬಿಚ್ಚಲು ಒಪ್ಪುವ ಮೊದಲು ಸಂಪ್‌ನಿಂದ ಇಳಿಸಿದ ಆಯಿಲ್ ತೋರಿಸಿ ಎಂದು ಕೇಳಿ. ಅದನ್ನು ಬಿಳಿ ಬಟ್ಟೆಯ ಮೇಲೆ ಸುರಿದು ಬಿಸಿಲಿಗೆ ಹಿಡಿದರೆ, ಬೇರಿಂಗ್ ಸವೆದಿದ್ದಲ್ಲಿ ಹಬ್ಬದ ಕಾರ್ಡಿನ ಮಿನುಗುಪುಡಿಯಂತೆ ಹೊಳೆಯುತ್ತದೆ. ಶಾಲೆಯ ಪ್ರಯೋಗಕ್ಕೆ ತಂದ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದರೊಳಗೆ ಆಡಿಸಿ, ಹಳೆಯ ಆಯಿಲ್ ಕೈಗೆ ತಾಗುವುದು ಬೇಡ. ಅಂಟಿಕೊಂಡ ಚೂರುಗಳು ಉಕ್ಕಿನ ಭಾಗಗಳವು. ಅಂಟದೆ ಬಟ್ಟೆಯ ಮೇಲೇ ಉಳಿದ ಹೊಳಪು ಸಾಮಾನ್ಯವಾಗಿ ಬೇರಿಂಗಿನದು.